ಫ್ಯಾನ್ ಬಂದ್ ಮಾಡಿ, ಹಗ್ಗ ಹಿಡಿಯಿರಿ

ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಬಾಗಲಕೋಟೆಯ ನವನಗರದಲ್ಲಿ ಬೆಳಗಿನ ಹತ್ತರ ಮೇಲೆ ಮಗುವನ್ನು ಹೊರಗೆ ಬಿಡುವ ತಾಯಿ ಯಾರೂ ಇಲ್ಲ. ಸಂಜೆ ಆರೂವರೆಯವರೆಗೆ ಮಕ್ಕಳು ಮನೆಯೊಳಗೇ ಇರಬೇಕು, ಒಳಗಿದ್ದವರ ಕೈಗೆ ಮೊಬೈಲ್ ಬರಲೇಬೇಕು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರಾಟ ಚುರುಕಾಗುವಷ್ಟು ಅಥವಾ ಅದಕ್ಕಿಂತ ಜೋರಾದ ಚಟುವಟಿಕೆ ಬೇಕು, ವಾರದಲ್ಲಿ ಮೂರು ದಿನವಾದರೂ ಎಲುಬು ಮತ್ತು ಸ್ನಾಯು ಗಟ್ಟಿಯಾಗುವಂಥದ್ದು ಅದರಲ್ಲಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಅರವತ್ತು ನಿಮಿಷ ಎಂದೊಡನೆ ಗಾಬರಿ ಬೇಡ. ಹತ್ತು ಹತ್ತು ನಿಮಿಷದ ಕಂತಿನಲ್ಲಿ ತೀರಿಸಿದರೂ ನಡೆಯುತ್ತದೆ.

ಕಂತು ತೀರಿಸಲು ದಾರಿ ಬೇಕಾದಷ್ಟಿವೆ. ಸೀಮೆಸುಣ್ಣ ಕೊಟ್ಟು ಪಡಸಾಲೆಯಲ್ಲಿ ಕುಂಟಲಿಪಿಯ ಮನೆ ಗೆರೆ ಹಾಕಿಸಿ, ಕೌದಿ ಹಾಸಿ ಉರುಳಾಡಲು ಬಿಡಿ, ಗೋಡೆಗೆ ಚೆಂಡು ಎಸೆದು ಹಿಡಿಯಲು ಹೇಳಿ. ಇವುಗಳನ್ನು ಯಾರೂ ಕಲಿಸಬೇಕಿಲ್ಲ, ಮಕ್ಕಳು ನಿಮಗಿಂತ ಚೆನ್ನಾಗಿ ಬಲ್ಲರು. ಎಲ್ಲರೂ ಕೆಡಿಸುವುದು ಹಗ್ಗದಾಟವನ್ನು. ಮೂವತ್ತು ವರ್ಷ ಶಾಲೆಯ ಅಂಗಳದಲ್ಲಿ ಸೀಟಿ ಊದಿದವಳು ನಾನು; ಈಗ ಮೊಮ್ಮಕ್ಕಳ ಮುಂದೆ, ನೆರೆಮನೆಯ ಪಡಸಾಲೆಗಳಲ್ಲಿ ಅದೇ ತಪ್ಪು ನೋಡುತ್ತಿದ್ದೇನೆ. ತಂದೆ ಹಗ್ಗ ತರುತ್ತಾರೆ, ತಾವೇ ಹತ್ತು ಸಲ ಜಿಗಿದು ತೋರಿಸುತ್ತಾರೆ, ಮಗುವಿಗೆ ಕೊಡುತ್ತಾರೆ. ನಾಲ್ಕು ಸಲ ಕಾಲಿಗೆ ಸಿಕ್ಕಿದ ಮೇಲೆ ಮಗು ಹಗ್ಗ ಎಸೆಯುತ್ತದೆ. ‘ಇವನಿಗೆ ಇದು ಬರುವುದಿಲ್ಲ’ ಎಂಬ ತೀರ್ಪೂ ಅಂದೇ ಆಗಿಬಿಡುತ್ತದೆ.

ಮೊದಲ ಹೆಜ್ಜೆ, ಜಾಗ. ಎಂಟು ಅಡಿ ಉದ್ದ, ಆರು ಅಡಿ ಅಗಲ ಇದ್ದರೆ ಸಾಕು. ಫ್ಯಾನ್ ಬಂದ್ ಮಾಡಿ. ಇದನ್ನು ಮರೆತು ಒಮ್ಮೆ ನಮ್ಮ ಮನೆಯಲ್ಲಿ ಹಗ್ಗ ರೆಕ್ಕೆಗೆ ಸುತ್ತಿಕೊಂಡು, ಗೋಡೆಯ ಕ್ಯಾಲೆಂಡರೂ ದೇವರ ಫೋಟೊದ ಗಾಜೂ ಒಟ್ಟಿಗೆ ನೆಲಕ್ಕೆ ಬಂದವು. ಆಗ ತಾನೇ ಒರೆಸಿದ ಫರಸಿಯ ಮೇಲೆ ಬೇಡ, ಕಾಲುಚೀಲ ಹಾಕಿಕೊಂಡು ಬೇಡವೇ ಬೇಡ. ಕೌದಿಯನ್ನೋ ಜಮಖಾನೆಯನ್ನೋ ಹಾಸಿ ಅದರ ಮೇಲೆ ಜಿಗಿಸುವವರಿದ್ದಾರೆ. ಅದು ಜಾರಿದರೆ ಗದ್ದ ಒಡೆಯುತ್ತದೆ. ಮಣ್ಣಿನ ಅಂಗಳವಿದ್ದರೆ ಬರಿಗಾಲು, ಕಲ್ಲು ಅಥವಾ ಟೈಲ್ಸ್ ನೆಲವಾದರೆ ಕ್ಯಾನ್ವಾಸ್ ಬೂಟು. ಮಾಳಿಗೆಯ ಮೇಲಾದರೆ ಬೆಳಗಿನ ಎಂಟರೊಳಗೆ ಮುಗಿಸಿ, ಗೋಡೆಯ ಅಂಚಿನಿಂದ ದೂರ ನಿಲ್ಲಿಸಿ.

ಎರಡನೆಯದು, ಹಗ್ಗ. ಅಂಗಡಿಯಲ್ಲಿ ಬಣ್ಣದ ಹಿಡಿ, ಎಣಿಕೆ ತೋರಿಸುವ ಪುಟ್ಟ ಪರದೆ ಇರುವ ತೆಳ್ಳನೆಯ ಪ್ಲಾಸ್ಟಿಕ್ ಹಗ್ಗ ಸಿಗುತ್ತದೆ. ಕಲಿಯುವ ಮಗುವಿಗೆ ಅದು ದಂಡ. ಡಬ್ಬಿಯಲ್ಲಿ ಸುತ್ತಿಟ್ಟ ಸುರುಳಿ ಬಿಚ್ಚುವುದೇ ಇಲ್ಲ, ತೂಕವಿಲ್ಲದ್ದರಿಂದ ಎಲ್ಲಿ ಸುತ್ತುತ್ತಿದೆ ಎಂಬುದು ಕೈಗೆ ತಿಳಿಯುವುದಿಲ್ಲ, ಕಾಲಿಗೆ ಬಡಿದರೆ ಚಾಟಿಯ ಏಟು. ಈಗಾಗಲೇ ಕೊಂಡಿದ್ದರೆ ಒಂದು ತುದಿಯನ್ನು ಮೊಳೆಗೆ ಕಟ್ಟಿ, ಇನ್ನೊಂದಕ್ಕೆ ನೀರು ತುಂಬಿದ ಬಾಟಲಿ ತೂಗುಬಿಟ್ಟು ಒಂದು ಮಧ್ಯಾಹ್ನ ಬಿಸಿಲಿಗೆ ಇಡಿ, ಸುರುಳಿಯಾದರೂ ನೆಟ್ಟಗಾಗುತ್ತದೆ. ನನ್ನ ಮಾತು ಕೇಳುವುದಾದರೆ ಎತ್ತಿನ ಸಾಮಾನು ಮಾರುವ ಅಂಗಡಿಗೆ ಹೋಗಿ, ಕಿರುಬೆರಳಿಗಿಂತ ತುಸು ತೆಳ್ಳಗಿರುವ ನೂಲಿನ ಹಗ್ಗವನ್ನು ಮೂರು ಮೀಟರ್ ತನ್ನಿ. ಹೊಲವಿರುವ ಯಾರದಾದರೂ ಮನೆಯಲ್ಲಿ ಹನಿ ನೀರಾವರಿಯ ಹಳೆಯ ಪೈಪು ಬಿದ್ದಿರುತ್ತದೆ. ತೂತಿಲ್ಲದ ಭಾಗದಿಂದ 12 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ, ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿ, ಹಗ್ಗ ಪೋಣಿಸಿ ಹೊರತುದಿಯಲ್ಲಿ ದಪ್ಪ ಗಂಟು ಹಾಕಿ. ಹಿಡಿ ಸಿದ್ಧ. ಹಗ್ಗ ಅದರೊಳಗೆ ಸಲೀಸಾಗಿ ತಿರುಗಬೇಕು, ಬಿಗಿಯಾದರೆ ಮುರುಚಿಕೊಳ್ಳುತ್ತದೆ.

ಅದೇ ಪೈಪಿನಿಂದ ಒಂದೊಂದು ಇಂಚಿನ ಹದಿನೈದು ತುಂಡು ಕತ್ತರಿಸಿ ಹಗ್ಗದ ನಟ್ಟನಡುವೆ ಮಣಿಗಳಂತೆ ಪೋಣಿಸಿ, ಎರಡೂ ಬದಿಗೆ ಗಂಟು ಹಾಕಿಬಿಡಿ. ಹಿಡಿಗಳನ್ನು ಸೇರಿಸುವ ಮೊದಲೇ ಇದನ್ನು ಮಾಡಬೇಕು, ನಾನು ಎರಡು ಸಲ ಮರೆತು ಗಂಟು ಬಿಚ್ಚಿದ್ದೇನೆ. ಇದು ಅಲಂಕಾರವಲ್ಲ. ನೆಲಕ್ಕೆ ತಾಗಿದಾಗ ಟಪ್ ಎನ್ನುತ್ತದೆ, ಮಗು ಆ ಸದ್ದು ಕೇಳಿ ಜಿಗಿಯಲು ಕಲಿಯುತ್ತದೆ. ಉದ್ದದ ಅಳತೆ: ಮಗು ಹಗ್ಗದ ನಡುವೆ ಒಂದು ಕಾಲಿಟ್ಟು ನಿಂತಾಗ ಹಿಡಿಗಳು ಕಂಕುಳಿಗೆ ಬರಬೇಕು. ‘ಬೆಳೆಯುವ ಮಗು’ ಎಂದು ದೊಡ್ಡ ಅಂಗಿ ಹೊಲಿಸಿದಂತೆ ಉದ್ದದ ಹಗ್ಗ ಕೊಡಬೇಡಿ.

ಇನ್ನು ಮೂರನೆಯದು, ಎಲ್ಲರೂ ಎಡವುವ ಜಾಗ. ಹಗ್ಗದಾಟದಲ್ಲಿ ಎರಡು ಕೆಲಸಗಳಿವೆ: ಕೈ ಬೀಸುವುದು, ಕಾಲು ಜಿಗಿಯುವುದು. ಮಗುವಿನ ಮೈಗೆ ಇವೆರಡೂ ಒಂದೇ ಕೆಲಸ. ಕೈ ಎತ್ತಿದ ಕೂಡಲೇ ಕಾಲೂ ಎತ್ತುತ್ತದೆ, ಹಗ್ಗ ಇನ್ನೂ ತಲೆಯ ಮೇಲಿರುವಾಗ ಮಗು ನೆಲಕ್ಕೆ ಮರಳಿರುತ್ತದೆ. ‘ಜೋರಾಗಿ ಬೀಸು’ ಎಂದು ಕೂಗಿದರೆ ಇನ್ನೂ ಎತ್ತರಕ್ಕೆ ಜಿಗಿಯುತ್ತದೆ ಅಷ್ಟೆ. ಹಾಗಾಗಿ ಎರಡನ್ನೂ ಬಿಡಿಸಿ ಕಲಿಸಬೇಕು.

ಮೊದಲ ದಿನ ಹಗ್ಗ ಮೊಳೆಯ ಮೇಲೇ ಇರಲಿ. ಇದ್ದಲ್ಲೇ ಜಿಗಿಯಲಿ, ಎರಡು ಪಾದ ಜೊತೆಗೆ, ಮುಂಗಾಲಿನ ಮೇಲೆ, ಮೊಣಕಾಲು ಸಡಿಲ. ಎತ್ತರ ಎಷ್ಟು? ನಾಲ್ಕು ಖಡಕ್ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು, ಅದಕ್ಕಿಂತ ಹೆಚ್ಚು ಬೇಡ. ಅಡುಗೆಮನೆಯಲ್ಲಿ ಕೂತು ಕಿವಿಗೊಡಿ. ಧಡ್ ಧಡ್ ಎಂದು ಕೇಳಿಸಿದರೆ ಹಿಮ್ಮಡಿಯ ಮೇಲೆ ಬೀಳುತ್ತಿದ್ದಾರೆ ಎಂದರ್ಥ. ‘ಬೆಕ್ಕಿನ ಹಾಗೆ ಇಳಿ’ ಎಂದರೆ ಯಾವ ಮಗುವಿಗೂ ಅರ್ಥವಾಗುತ್ತದೆ.

ಆಮೇಲೆ ಜಿಗಿತವಿಲ್ಲದೆ ಹಗ್ಗ. ಎರಡೂ ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿದು ಮೈಯ ಪಕ್ಕದಲ್ಲಿ ಸುತ್ತಿಸಲಿ. ಪ್ರತಿ ಟಪ್ ಸದ್ದಿಗೆ ಬಾಯಿಯಲ್ಲಿ ‘ಹಾಂ’ ಎನ್ನಲಿ. ಬಲಗೈ ಆದ ಮೇಲೆ ಎಡಗೈ. ‘ಹಾಂ’ ಮತ್ತು ಟಪ್ ಒಂದೇ ಹೊತ್ತಿಗೆ ಬಂದ ಮೇಲೆ ಇನ್ನೊಂದು ಕೆಲಸ: ಸುತ್ತುತ್ತಲೇ, ಸದ್ದಿನ ಜೊತೆಗೆ ಪುಟ್ಟದಾಗಿ ಜಿಗಿಯುವುದು. ಹಗ್ಗ ಪಕ್ಕದಲ್ಲಿದೆ, ಕಾಲಿಗೆ ಸಿಕ್ಕುವ ಪ್ರಶ್ನೆಯೇ ಇಲ್ಲ, ಅಳುವೂ ಇಲ್ಲ. ಇದಕ್ಕೆ ಎರಡು ದಿನ ಹಿಡಿದರೂ ಕೊಡಿ. ಇಲ್ಲಿ ಅವಸರ ಮಾಡಿದವರು ಮುಂದೆ ಎರಡು ವಾರ ಕಳೆಯುತ್ತಾರೆ.

ಈಗ ನಿಜವಾದ ಹಗ್ಗದಾಟ, ಆದರೆ ತುಂಡು ತುಂಡಾಗಿ. ಹಗ್ಗ ಹಿಮ್ಮಡಿಯ ಹಿಂದೆ ಬಿದ್ದಿರಲಿ. ಬೀಸಿ ತಲೆಯ ಮೇಲಿಂದ ತಂದು ಕಾಲ್ಬೆರಳ ಮುಂದೆ ನೆಲಕ್ಕೆ ಬಿಡಬೇಕು. ನಿಲ್ಲಬೇಕು. ಹಗ್ಗವನ್ನು ಕಣ್ಣಾರೆ ನೋಡಬೇಕು. ಆಮೇಲೆ ದಾಟಬೇಕು. ಬೀಸು, ನೋಡು, ದಾಟು. ನೋಡುವವರಿಗೆ ಇದು ತಮಾಷೆಯಾಗಿ ಕಾಣುತ್ತದೆ, ಅಣ್ಣ-ಅಕ್ಕಂದಿರು ನಗುತ್ತಾರೆ. ಅವರನ್ನು ಆ ಹೊತ್ತು ಬೇರೆ ಕೋಣೆಗೆ ಕಳಿಸಿ. ಇಪ್ಪತ್ತು ಮೂವತ್ತು ಸಲ ಆಗುವಷ್ಟರಲ್ಲಿ ನಡುವಿನ ‘ನೋಡು’ ತಾನಾಗಿಯೇ ಚಿಕ್ಕದಾಗುತ್ತ ಬಂದು ಒಂದು ದಿನ ಕಾಣೆಯಾಗುತ್ತದೆ. ಅದು ಕಾಣೆಯಾಗುವ ಮೊದಲು ನೀವು ಕಿತ್ತುಹಾಕಬೇಡಿ.

ಇಷ್ಟಾದರೂ ಸಿಕ್ಕುತ್ತಿದ್ದರೆ ತೋಳು ನೋಡಿ. ಮಕ್ಕಳು ಕೈಗಳನ್ನು ಹದ್ದಿನ ರೆಕ್ಕೆಯಂತೆ ಅಗಲಿಸುತ್ತಾರೆ, ಅಗಲಿಸಿದಷ್ಟೂ ಹಗ್ಗ ಗಿಡ್ಡವಾಗುತ್ತದೆ. ಎರಡೂ ಕಂಕುಳಲ್ಲಿ ಒಂದೊಂದು ಕರವಸ್ತ್ರ ಇಟ್ಟು, ಅದು ಬೀಳದಂತೆ ಜಿಗಿಯಲು ಹೇಳಿ. ಕರವಸ್ತ್ರ ಕಾಯುವ ಆಟವೆಂದು ಮಗು ತಿಳಿಯುತ್ತದೆ, ಮೊಣಕೈ ತಾನೇ ಪಕ್ಕೆಗೆ ಅಂಟುತ್ತದೆ.

ಐದು ತುಂಬದವರಿಗೆ ಇದು ಬೇಡ. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಬರುತ್ತದೆ. ಚಿಕ್ಕವರಿಗೆ ಐದು ಮೀಟರ್ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ನೆಲದ ಮೇಲೆ ಹಾವಿನಂತೆ ಆಡಿಸಿ, ತುಳಿಯದೆ ದಾಟಲಿ. ದೊಡ್ಡ ಮಕ್ಕಳಿಗೂ ಅದೇ ಹಗ್ಗ ಸಾಕು, ಇನ್ನೊಂದು ತುದಿಯನ್ನು ನೀವು ಹಿಡಿದು ಸುತ್ತಿಸಿ. ಅವರು ಹಗ್ಗದ ಪಕ್ಕದಲ್ಲೇ ನಿಂತು ಶುರು ಮಾಡಲಿ, ಸುತ್ತುವ ಹಗ್ಗದೊಳಗೆ ಓಡಿಬರುವ ಧೈರ್ಯ ಆಮೇಲೆ. ಜಿಗಿಯುವಾಗ ಮಗ್ಗಿ ಹೇಳಿಸುವ ತಂದೆತಾಯಿಗಳಿಗೆ ಕೈಮುಗಿಯುತ್ತೇನೆ: ದಯವಿಟ್ಟು ನಿಲ್ಲಿಸಿ. ರಜೆಯ ಹೋಮ್‌ವರ್ಕ್‌ಗೆ ಹಗ್ಗ ಕಟ್ಟಿದಂತಾಗುತ್ತದೆ.

‘ಹಗ್ಗ ಹುಡುಗಿಯರ ಆಟ’ ಎನ್ನುವ ಹುಡುಗರಿಗೆ ಬಾಕ್ಸರ್‌ಗಳ ತಾಲೀಮಿನ ವಿಡಿಯೊ ಒಮ್ಮೆ ತೋರಿಸಿ. ಮೊಬೈಲಿನ ಸದುಪಯೋಗ ಅಷ್ಟು ಆಗಲಿ. ಜಿಗಿದರೆ ಎತ್ತರ ಬೆಳೆಯುತ್ತಾರೆ ಎಂಬ ಮಾತನ್ನು ನಂಬಿ ಗಂಟೆಗಟ್ಟಲೆ ಜಿಗಿಸಬೇಡಿ. ಎಲುಬು ಗಟ್ಟಿಯಾಗುವುದು ನಿಜ, ಎತ್ತರ ಮಾತ್ರ ಬಹುಪಾಲು ತಂದೆತಾಯಿಯಿಂದ ಬರುವ ಬಳುವಳಿ. ಜಿಗಿಯಲು ಟ್ರ್ಯಾಂಪೊಲಿನ್ ತರುವ ಯೋಚನೆಯಿದ್ದರೆ ಬಿಡಿ, ಮನೆಯಲ್ಲಿ ಅದು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯೇ ಹೇಳುತ್ತದೆ.

ಅರ್ಧ ನಿಮಿಷ ಜಿಗಿತ, ಒಂದು ನಿಮಿಷ ವಿಶ್ರಾಂತಿ, ನಡುನಡುವೆ ನೀರು. ಹತ್ತು ನಿಮಿಷಕ್ಕೆ ಒಂದು ಕಂತು ಮುಗಿಯಿತು. ಮುಗಿದ ಮೇಲೆ ಮಜ್ಜಿಗೆ. ಊಟವಾದ ಕೂಡಲೇ ಹಗ್ಗ ಬೇಡ. ಮೊಣಕಾಲು ಅಥವಾ ಹಿಮ್ಮಡಿ ನೋವೆಂದರೆ ಎರಡು ದಿನ ಕುಂಟಲಿಪಿಯೂ ಬೇಡ, ಚೆಂಡು ಸಾಕು. ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಒಂದೇ ಉಸಿರಿಗೆ ಹತ್ತು ಜಿಗಿತ ಬಂದ ದಿನ ಹಿಡಿಯ ಗಂಟು ಬಿಚ್ಚಿ ಎರಡೂ ಬದಿಗೆ ನಾಲ್ಕು ಬೆರಳಿನಷ್ಟು ಹಗ್ಗ ಕಡಿಮೆ ಮಾಡಿ, ಮತ್ತೆ ಗಂಟು ಹಾಕಿ. ಮರುದಿನ ಮಗು ನಾಲ್ಕಕ್ಕೇ ಸಿಕ್ಕಿಬಿದ್ದು ಸಿಟ್ಟಾಗುತ್ತದೆ. ಹಗ್ಗವನ್ನು ಮತ್ತೆ ಉದ್ದ ಮಾಡಬೇಡಿ, ಮೂರನೆಯ ದಿನಕ್ಕೆ ಹನ್ನೆರಡು ದಾಟುತ್ತದೆ.