ಅಸೆಂಬ್ಲಿ ಫಂಕ್ಷನ್‌ಗೆ ಟೈಪ್ ಇಲ್ಲದಿದ್ದರೆ: ಹಳೆಯ ಆರ್ಮ್7 ಬೋರ್ಡಿನಲ್ಲಿ ನಾನು ಸರಿಪಡಿಸಿದ ಕ್ರಮ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಕುಲುಮೆ ಪ್ಯಾನೆಲ್‌ನಿಂದ ಬಿಚ್ಚಿ ತಂದ ಬೋರ್ಡ್ ಇದು. ಒಳಗಿರುವುದು ಎಲ್‌ಪಿಸಿ2148: ಆರ್ಮ್7ಟಿಡಿಎಂಐ ಕೋರ್, 512 ಕೆಬಿ ಫ್ಲಾಶ್, ಗರಿಷ್ಠ 60 ಮೆಗಾಹರ್ಟ್ಸ್. ವಿಟಿಯು ಲ್ಯಾಬ್‌ನಲ್ಲಿ ಕೂತವರಿಗೆ ಈ ಚಿಪ್ ಹೊಸದಲ್ಲ. ಸೋರ್ಸ್ ಕೈಯಲ್ಲಿತ್ತು. ಹೊಸ ಜಿಸಿಸಿ ಕಂಪೈಲರ್‌ನಲ್ಲಿ, ಜಾಗ ಉಳಿಸಲು ಸಿ ಫೈಲ್‌ಗಳನ್ನೆಲ್ಲ ಥಂಬ್ ಮೋಡ್‌ಗೆ (ಆರ್ಮ್ ಮೋಡ್‌ನ 32 ಬಿಟ್ ಆದೇಶಗಳ ಬದಲು 16 ಬಿಟ್‌ನ ಚಿಕ್ಕ ಆದೇಶಗಳು) ಹಾಕಿ ಬಿಲ್ಡ್ ಮಾಡಿದಾಗ ಎರಡು ತೊಂದರೆ ಒಟ್ಟಿಗೆ ಕಂಡವು. ಮಾಡ್‌ಬಸ್‌ನ (ಯಂತ್ರಗಳು ತಂತಿಯ ಮೇಲೆ ಮಾತಾಡುವ ಪ್ರೋಟೋಕಾಲ್) ಮೊದಲ ಪ್ಯಾಕೆಟ್ ಬಂದ ತಕ್ಷಣ ಬೋರ್ಡ್ ನಿಂತುಬಿಡುತ್ತಿತ್ತು. ಜಿಡಿಬಿ ಡೀಬಗರ್‌ನಲ್ಲಿ, ಪ್ಯಾಕೆಟ್ ಸರಿಯಿದೆಯೇ ಎಂದು ಲೆಕ್ಕ ಹಾಕುವ ಸಿಆರ್‌ಸಿ ಫಂಕ್ಷನ್ (ಆರ್ಮ್ ಮೋಡ್‌ನಲ್ಲಿ ಕೈಯಿಂದ ಬರೆದ ಅಸೆಂಬ್ಲಿ) ಕರೆದು ನೋಡೋಣವೆಂದರೆ, ಅದರ ರಿಟರ್ನ್ ಟೈಪ್ ಗೊತ್ತಿಲ್ಲ, ಕಾಸ್ಟ್ ಮಾಡಿ ಕರೆಯಿರಿ ಎಂಬ ಉತ್ತರ.

ಎರಡಕ್ಕೂ "ಫಂಕ್ಷನ್ ಟೈಪ್ ಇಲ್ಲ" ಎಂದೇ ಹೇಳುತ್ತಾರೆ, ಗೊಂದಲ ಶುರುವಾಗುವುದೂ ಅಲ್ಲೇ. ಎಲ್ಫ್ ಫೈಲಿನ (ಬಿಲ್ಡ್ ಮಾಡಿದಾಗ ಸಿಗುವ ಫೈಲ್) ಸಿಂಬಲ್ ಟೇಬಲ್‌ನಲ್ಲಿ, ಅಂದರೆ ಹೆಸರುಗಳ ಪಟ್ಟಿಯಲ್ಲಿ, ಇರುವ ಟೈಪ್ ಬೇರೆ, ಅದನ್ನು ನೋಡುವವನು ತುಣುಕುಗಳನ್ನು ಜೋಡಿಸುವ ಲಿಂಕರ್. ಡ್ವಾರ್ಫ್ ಡೀಬಗ್ ಮಾಹಿತಿಯಲ್ಲಿರುವ ಟೈಪ್ ಬೇರೆ, ಅದನ್ನು ಓದುವುದು ಜಿಡಿಬಿ. ಸ್ಟ್ಯಾಕ್ ಬಿಚ್ಚುವ ಫ್ರೇಮ್ ಮಾಹಿತಿ ಮೂರನೆಯದು. ಸಿ ಕೋಡ್‌ನಲ್ಲಿ ಈ ಮೂರನ್ನೂ ಕಂಪೈಲರ್ ತಾನೇ ಬರೆಯುತ್ತದೆ. ಕೈಯಿಂದ ಬರೆದ ಅಸೆಂಬ್ಲಿಯಲ್ಲಿ ಮೂರನ್ನೂ ನಾವೇ ಬರೆಯಬೇಕು. ಒಂದನ್ನು ಸರಿ ಮಾಡಿದರೆ ಇನ್ನೊಂದು ಸರಿಯಾಗುವುದಿಲ್ಲ.

ಮೊದಲು ಸಿಂಬಲ್ ಟೇಬಲ್ ನೋಡಿ. ರೀಡ್‌ಎಲ್ಫ್‌ಗೆ ಸಣ್ಣ ಎಸ್, ದೊಡ್ಡ ಡಬ್ಲ್ಯು ಆಯ್ಕೆ ಕೊಟ್ಟು ಎಲ್ಫ್ ಫೈಲ್ ತೋರಿಸಿದರೆ ಪ್ರತಿ ಹೆಸರಿನ ಮುಂದೆ ಸೈಜ್ ಮತ್ತು ಟೈಪ್ ಕಾಲಮ್ ಬರುತ್ತವೆ. ನನ್ನ ಸಿಆರ್‌ಸಿ16 ಸಾಲಿನಲ್ಲಿ ಸೈಜ್ 0, ಟೈಪ್ ಜಾಗದಲ್ಲಿ ನೋಟೈಪ್. ಅಲ್ಲಿ ಇರಬೇಕಾದದ್ದು ಫಂಕ್. ಬೋರ್ಡ್ ನಿಲ್ಲುವುದಕ್ಕೆ ಇದೇ ಕಾರಣ. ಥಂಬ್ ಕೋಡ್ ಆರ್ಮ್ ಮೋಡ್‌ನ ಫಂಕ್ಷನ್ ಕರೆಯುವಾಗ ಪ್ರೊಸೆಸರ್ ಸ್ಥಿತಿ ಬದಲಾಗಬೇಕು. ಆರ್ಮ್7ಟಿಡಿಎಂಐ ಇರುವುದು ವಿ4ಟಿ ಆರ್ಕಿಟೆಕ್ಚರ್‌ನಲ್ಲಿ, ಅದರಲ್ಲಿ ಕರೆಯುತ್ತಲೇ ಸ್ಥಿತಿ ಬದಲಿಸುವ ಬಿಎಲ್‌ಎಕ್ಸ್ ಆದೇಶ ಇಲ್ಲ. ಹಾಗಾಗಿ ಲಿಂಕರ್ ನಡುವೆ ಒಂದು ಸಣ್ಣ ಸೇತುವೆ ಕೋಡ್ ತೂರಿಸಿ ಸ್ಥಿತಿ ಬದಲಿಸಿ ಜಿಗಿಯುವ ಬಿಎಕ್ಸ್ ಮೂಲಕ ದಾಟಿಸುತ್ತದೆ. ಆದರೆ ಸಿಂಬಲ್ ಫಂಕ್ ಎಂದು ಇದ್ದರೆ ಮಾತ್ರ. ನೋಟೈಪ್ ಇದ್ದರೆ ಅದು ಬರೀ ವಿಳಾಸವೆಂದು ತಿಳಿದು ಸ್ಥಿತಿ ಬದಲಿಸದ ನೇರ ಬಿಎಲ್ ಕರೆ ಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆಮೇಲೆ ಆರ್ಮ್ ಆದೇಶಗಳನ್ನು ಪ್ರೊಸೆಸರ್ ಥಂಬ್ ಎಂದು ಓದುತ್ತಾ ಹೋಗುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಕಷ್ಟವಿಲ್ಲ. ಓಪನ್‌ಓಸಿಡಿಯಲ್ಲಿ (ಬೋರ್ಡಿಗೂ ಜಿಡಿಬಿಗೂ ನಡುವಿನ ಡೀಬಗ್ ಸಾಧನ) ಬೋರ್ಡ್ ನಿಲ್ಲಿಸಿ, ಪ್ರೊಸೆಸರ್ ಸ್ಥಿತಿ ಹೇಳುವ ಸಿಪಿಎಸ್‌ಆರ್ ರಿಜಿಸ್ಟರ್ ನೋಡಿ: ಕೊನೆಯ ಐದು ಬಿಟ್ ಹೆಕ್ಸ್ 1ಬಿ ಇದ್ದರೆ, ಅರ್ಥವಾಗದ ಆದೇಶ ಸಿಕ್ಕಾಗ ಹೋಗುವ ಅನ್‌ಡಿಫೈನ್ಡ್ ಮೋಡ್. ಆಗ ಆ ಮೋಡ್‌ನ ಎಸ್‌ಪಿಎಸ್‌ಆರ್‌ನಲ್ಲಿ (ಬೀಳುವ ಮುಂಚಿನ ಸಿಪಿಎಸ್‌ಆರ್‌ನ ಪ್ರತಿ) 5ನೇ ಬಿಟ್ 1 ಇದ್ದರೆ ಬೀಳುವಾಗ ಥಂಬ್ ಸ್ಥಿತಿ ಇತ್ತೆಂದು ಅರ್ಥ. ಅದೇ ಮೋಡ್‌ನ ಎಲ್‌ಆರ್‌ನಿಂದ (ಮರಳುವ ವಿಳಾಸ ಇಡುವ ರಿಜಿಸ್ಟರ್) 2 ಕಳೆದರೆ ಬಿದ್ದ ವಿಳಾಸ ಸಿಗುತ್ತದೆ. ಆ ವಿಳಾಸ ಆರ್ಮ್ ಮೋಡ್‌ನ ಫಂಕ್ಷನ್ ಒಳಗಿದ್ದರೆ ಮತ್ತೆ ಹುಡುಕಬೇಕಿಲ್ಲ. ಯಾವಾಗಲೂ ಅನ್‌ಡಿಫೈನ್ಡ್‌ಗೇ ಬೀಳುತ್ತದೆ ಎಂದಲ್ಲ. ಅಡ್ಡಾದಿಡ್ಡಿ ಓಡಿ ಡೇಟಾ ಅಬಾರ್ಟ್‌ಗೆ ಹೋಗಿ ಕೂತದ್ದನ್ನೂ ನೋಡಿದ್ದೇನೆ.

ಸರಿಪಡಿಸಿದ ರೂಪ ಹೀಗಿದೆ. ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರವೇ ಬೇಕು:

.ಗ್ಲೋಬಲ್ ಸಿಆರ್‌ಸಿ16
.ಟೈಪ್ ಸಿಆರ್‌ಸಿ16, %ಫಂಕ್ಷನ್
.ಅಲೈನ್ 2
ಸಿಆರ್‌ಸಿ16:
(ಇಲ್ಲಿ ಕೋಡ್)
.ಎಲ್‌ಟಿಓಆರ್‌ಜಿ
.ಸೈಜ್ ಸಿಆರ್‌ಸಿ16, . - ಸಿಆರ್‌ಸಿ16

ಶೇಕಡಾ ಚಿಹ್ನೆಯನ್ನು ಗಮನಿಸಿ. ಕಂಪ್ಯೂಟರ್‌ಗೆ ಬರೆದ ಕೋಡ್‌ನಿಂದ ನಕಲು ಮಾಡುವವರು ಆ ಜಾಗದಲ್ಲಿ ಅಟ್ ಚಿಹ್ನೆ ಹಾಕುತ್ತಾರೆ. ಆರ್ಮ್ ಅಸೆಂಬ್ಲರ್‌ಗೆ ಅಟ್ ಎಂದರೆ ಕಾಮೆಂಟ್‌ನ ಶುರು. ಅಲ್ಲಿಂದ ಮುಂದಿನದು ಅಳಿಸಿಹೋಗಿ, ಖಾಲಿ ಹೆಸರಿನ ಸಿಂಬಲ್ ಟೈಪ್ ಗೊತ್ತಿಲ್ಲ ಎಂಬ ವಿಚಿತ್ರ ಎರರ್ ಬರುತ್ತದೆ. ಆ ಎರರ್ ಕಂಡು ಸಾಲನ್ನೇ ಅಳಿಸಿ ಮುಂದೆ ಹೋದವರಿಂದಲೇ ಇಂಥ ಸೋರ್ಸ್ ನಮ್ಮ ಕೈಗೆ ಬರುವುದು ಎಂಬುದು ನನ್ನ ಗುಮಾನಿ. ಹಲವು ಪ್ರೊಸೆಸರ್‌ಗಳಿಗೆ ಒಂದೇ ಫೈಲ್ ಬೇಕಿದ್ದರೆ ಚಿಹ್ನೆಯ ಗೊಡವೆಯೇ ಬೇಡ, ದೊಡ್ಡಕ್ಷರದಲ್ಲಿ ಎಸ್‌ಟಿಟಿ_ಫಂಕ್ ಎಂದು ಬರೆದರೂ ಗ್ನೂ ಅಸೆಂಬ್ಲರ್ ಒಪ್ಪುತ್ತದೆ. ಮಿಪ್ಸ್ ಪ್ರೊಸೆಸರ್‌ನಲ್ಲಾದರೆ .ಎಂಟ್, .ಎಂಡ್ ಜೋಡಿ ಈ ಕೆಲಸ ಮಾಡುತ್ತದೆ.

.ಅಲೈನ್ 2 ಎಂದರೆ ಆರ್ಮ್‌ನಲ್ಲಿ 4 ಬೈಟ್, ಎರಡರ ಘಾತದ ಲೆಕ್ಕ. .ಎಲ್‌ಟಿಓಆರ್‌ಜಿ ಯಾಕೆಂದರೆ, ಲಿಟರಲ್ ಪೂಲ್ (ಕೋಡ್ ಬಳಸುವ ಸ್ಥಿರ ಬೆಲೆಗಳ ಗುಂಪು) ಅಲ್ಲೇ ಸುರಿಯಲಿ, ಸೈಜ್ ಲೆಕ್ಕದೊಳಗೆ ಬರಲಿ ಎಂದು. ಫಂಕ್ಷನ್ ಒಳಗಿನ ಲೇಬಲ್‌ಗಳಿಗೆ ಮುಂದೆ .ಎಲ್ ಸೇರಿಸಿ (ಎಲ್ ದೊಡ್ಡಕ್ಷರ). ಇಲ್ಲದಿದ್ದರೆ ಅವೂ ಸಿಂಬಲ್ ಟೇಬಲ್ ಸೇರಿ, ಬ್ಯಾಕ್‌ಟ್ರೇಸ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಸಿಆರ್‌ಸಿ16 ಬದಲು "ಲೂಪ್" ಎಂಬ ಫಂಕ್ಷನ್ ಓಡುತ್ತಿರುವಂತೆ ಕಾಣುತ್ತದೆ.

ಟೈಪ್ ಸಾಲು ಸೇರಿಸಿ ಮತ್ತೆ ಲಿಂಕ್ ಮಾಡಿ, ಕೋಡ್ ಬಿಡಿಸಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ ನೋಡಿದಾಗ ಸಿಆರ್‌ಸಿ16 ಹೆಸರಿಗೆ "ಫ್ರಮ್ ಥಂಬ್" ಬಾಲವಿರುವ 8 ಬೈಟ್‌ನ ತುಣುಕು ಕಾಣಬೇಕು: ಮೊದಲು ಥಂಬ್‌ನ ಬಿಎಕ್ಸ್ ಪಿಸಿ, ಕೊನೆಗೆ ಆರ್ಮ್‌ನ ಬಿ. ಅದು ಬಂತು. ಬೋರ್ಡ್ ಮಾತ್ರ ಮತ್ತೆ ನಿಂತಿತು, ಈ ಸಲ ಫಂಕ್ಷನ್ ಮುಗಿದ ಮೇಲೆ. ಹೋಗುವ ದಾರಿ ಸರಿಯಾದಾಗಲೇ ಬರುವ ದಾರಿಯ ತಪ್ಪು ಬಯಲಾಗುವುದು. ಹಳೆಯ ಕೋಡ್ ಕೊನೆಯಲ್ಲಿ ಸ್ಟ್ಯಾಕ್‌ನಿಂದ ಆರ್4 ಮತ್ತು ಪಿಸಿಯನ್ನು (ಮುಂದೆ ಓಡುವ ಆದೇಶದ ವಿಳಾಸ ಇರುವ ರಿಜಿಸ್ಟರ್) ನೇರ ತೆಗೆಯುತ್ತಿತ್ತು. ವಿ5ಟಿ ಮತ್ತು ನಂತರದ ಪ್ರೊಸೆಸರ್‌ಗಳಲ್ಲಿ ಹಾಗೆ ಪಿಸಿಗೆ ಹಾಕಿದರೂ ಸ್ಥಿತಿ ಬದಲಾಗುತ್ತದೆ, ವಿ4ಟಿಯಲ್ಲಿ ಆಗುವುದಿಲ್ಲ. ವಿ4ಟಿಯಲ್ಲಿ ಮೂವ್ ಪಿಸಿ, ಎಲ್‌ಆರ್ ಬರೆದರೂ ಸ್ಥಿತಿ ಬದಲಾಗುವುದಿಲ್ಲ. ಆರ್4 ಮತ್ತು ಎಲ್‌ಆರ್ ತೆಗೆದುಕೊಂಡು, ಆಮೇಲೆ ಬಿಎಕ್ಸ್ ಎಲ್‌ಆರ್: ಈ ಎರಡು ಸಾಲೇ ಇಲ್ಲಿ ಸರಿಯಾದ ರಿಟರ್ನ್. ಹಳೆಯ ಅಸೆಂಬ್ಲಿ ಮುಟ್ಟುವಾಗ ಟೈಪ್ ಸಾಲು, ರಿಟರ್ನ್ ಎರಡನ್ನೂ ಒಂದೇ ಸಲಕ್ಕೆ ಸರಿಮಾಡಿ, ಇಲ್ಲದಿದ್ದರೆ ಟೈಪ್ ಸಾಲೇ ಕೆಲಸ ಕೆಡಿಸಿತು ಎಂದು ಅದನ್ನು ತೆಗೆದುಹಾಕುವ ಮನಸ್ಸಾಗುತ್ತದೆ.

ಇನ್ನು ಡ್ವಾರ್ಫ್. ಅಸೆಂಬ್ಲಿ ಫೈಲ್‌ಗೆ -ಜಿ ಆಯ್ಕೆ (ಡೀಬಗ್ ಮಾಹಿತಿ ಬರೆ ಎನ್ನುವುದು) ತಲುಪುತ್ತಿದೆಯೇ ಎಂದು ಮೊದಲು ನೋಡಿ. ಮೇಕ್‌ನ ಸ್ವಂತ ನಿಯಮದಲ್ಲಿ ಸಣ್ಣ .ಎಸ್ ಫೈಲ್ ಹೋಗುವುದು ನೇರ ಅಸೆಂಬ್ಲರ್‌ಗೆ, ಎಎಸ್‌ಫ್ಲ್ಯಾಗ್ಸ್ ಜೊತೆ. ಸಿಫ್ಲ್ಯಾಗ್ಸ್‌ನಲ್ಲಿ ಎಷ್ಟು ಸಲ -ಜಿ ಬರೆದರೂ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದರೆ ಸಾಲಿನ ಸಂಖ್ಯೆಗಳು ಬರುತ್ತವೆ, ಹೊಸ ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇರುವ ಕಟ್ಟು) ಆದರೆ ಫಂಕ್ಷನ್‌ನ ನಮೂದೂ ಬರುತ್ತದೆ. ಆ ನಮೂದು ಬರೆಯುವಾಗ ಅಸೆಂಬ್ಲರ್ ನೋಡುವುದು ಮೇಲೆ ಹೇಳಿದ ಫಂಕ್ ಗುರುತನ್ನೇ. ಹಾಗಾಗಿ .ಟೈಪ್ ಇಲ್ಲದ ಹೆಸರು ಡ್ವಾರ್ಫ್‌ನಲ್ಲೂ ಇರುವುದಿಲ್ಲ.

ಇಷ್ಟಾದರೂ ಆರ್ಗ್ಯುಮೆಂಟ್ ಏನು, ರಿಟರ್ನ್ ಏನು ಎಂಬುದು ಅಸೆಂಬ್ಲರ್‌ಗೆ ಗೊತ್ತಿರುವ ಸಂಗತಿಯಲ್ಲ. ಒಂದೆರಡು ಸಲ ಪರೀಕ್ಷಿಸಲು ಜಿಡಿಬಿಯಲ್ಲಿ ಕಾಸ್ಟ್ ಸಾಕು. ರ‍್ಯಾಮ್‌ನ ಖಾಲಿ ಜಾಗದಲ್ಲಿ 01 03 00 00 00 0ಎ ಎಂಬ ಆರು ಬೈಟ್ ಇಟ್ಟು, ಅನ್‌ಸೈನ್ಡ್ ಶಾರ್ಟ್‌ಗೆ ಕಾಸ್ಟ್ ಮಾಡಿ ಸಿಆರ್‌ಸಿ16 ಕರೆಯಿರಿ. ಮಾಡ್‌ಬಸ್ ಸಿಆರ್‌ಸಿ ಹೆಕ್ಸ್ ಸಿಡಿಸಿ5 ಬರಬೇಕು, ದಶಮಾನದಲ್ಲಿ 52677. ತಂತಿಯ ಮೇಲೆ ಕೆಳಬೈಟ್ ಮೊದಲು, ಅಂದರೆ ಸಿ5 ಆಮೇಲೆ ಸಿಡಿ. ಬರೀ ಶಾರ್ಟ್ ಎಂದು ಕಾಸ್ಟ್ ಮಾಡಿದರೆ -12859 ತೋರಿಸುತ್ತದೆ; ಕೋಡ್ ತಪ್ಪೆಂದು ಗಾಬರಿಯಾಗಬೇಡಿ. ಕರೆಯುವ ಮುನ್ನ ಬ್ರೇಕ್‌ಪಾಯಿಂಟ್ ಎಣಿಸಿ. ಆರ್ಮ್7ಟಿಡಿಎಂಐನಲ್ಲಿರುವುದು ಬ್ರೇಕ್‌ಪಾಯಿಂಟ್‌ಗೂ ಬಳಕೆಯಾಗುವ ಎರಡೇ ವಾಚ್‌ಪಾಯಿಂಟ್ ಘಟಕ, ಫಂಕ್ಷನ್ ಮರಳುವ ಜಾಗದಲ್ಲಿ ಜಿಡಿಬಿಗೂ ಒಂದು ಬೇಕು.

ದಿನಾ ಬಳಸುವ ಫಂಕ್ಷನ್ ಆದರೆ ಅದನ್ನು ಸಿ ಫೈಲಿಗೆ ತಂದು ನೇಕೆಡ್ ಆಟ್ರಿಬ್ಯೂಟ್ (ಶುರು, ಕೊನೆಯ ಕೋಡ್ ಕಂಪೈಲರ್ ಸೇರಿಸದಿರಲಿ ಎಂಬ ಗುರುತು) ಕೊಟ್ಟು, ಒಳಗೆ ಅಸೆಂಬ್ಲಿಯನ್ನೇ ಇಡುತ್ತೇನೆ. ಟೈಪ್, ಸೈಜ್, ಆರ್ಗ್ಯುಮೆಂಟ್, ರಿಟರ್ನ್ ಎಲ್ಲ ಕಂಪೈಲರೇ ಬರೆಯುತ್ತದೆ. ಆ ಫೈಲನ್ನು ಆರ್ಮ್ ಮೋಡ್‌ನಲ್ಲೇ ಕಂಪೈಲ್ ಮಾಡಬೇಕು, ಒಳಗೆ ಆಪರೆಂಡ್ ಇಲ್ಲದ ಸಾದಾ ಎಎಸ್‌ಎಂ ಮಾತ್ರ ಇರಬೇಕು, ಕೊನೆಯ ಬಿಎಕ್ಸ್ ಎಲ್‌ಆರ್ ನೀವೇ ಬರೆಯಬೇಕು. ಆರ್ಗ್ಯುಮೆಂಟ್‌ಗಳ ಬೆಲೆ ಫಂಕ್ಷನ್ ಶುರುವಿನಲ್ಲಿ ಮಾತ್ರ ನಂಬಲರ್ಹ, ಆರ್0 ಬದಲಾದ ಮೇಲೆ ಜಿಡಿಬಿ ತೋರಿಸುವುದು ಸುಳ್ಳು. ಸ್ಟ್ಯಾಕ್ ಮುಟ್ಟದ ಫಂಕ್ಷನ್‌ಗಳಿಗೆ ಮಾತ್ರ ಈ ದಾರಿ ಹಿಡಿಯುತ್ತೇನೆ.

ಸ್ಟ್ಯಾಕ್ ಮುಟ್ಟುವವು ಅಸೆಂಬ್ಲಿ ಫೈಲಿನಲ್ಲೇ ಇರಲಿ, ಅವಕ್ಕೆ ಫ್ರೇಮ್ ಮಾಹಿತಿ ಬರೆಯಿರಿ. ಫೈಲಿನ ಮೇಲೆ .ಸಿಎಫ್‌ಐ_ಸೆಕ್ಷನ್ಸ್ .ಡೀಬಗ್_ಫ್ರೇಮ್, ಫಂಕ್ಷನ್ ಶುರುವಿಗೆ .ಸಿಎಫ್‌ಐ_ಸ್ಟಾರ್ಟ್‌ಪ್ರಾಕ್, ಕೊನೆಗೆ .ಸಿಎಫ್‌ಐ_ಎಂಡ್‌ಪ್ರಾಕ್. ಆರ್4 ಮತ್ತು ಎಲ್‌ಆರ್ ಪುಶ್ ಮಾಡಿದ ಮರುಸಾಲಿಗೆ ಸಿಎಫ್‌ಎ (ಪುಶ್‌ಗೆ ಮೊದಲಿದ್ದ ಸ್ಟ್ಯಾಕ್ ವಿಳಾಸ) ಆಫ್‌ಸೆಟ್ 8, ರಿಜಿಸ್ಟರ್ 4 ಇರುವುದು -8ರಲ್ಲಿ, ರಿಜಿಸ್ಟರ್ 14 ಇರುವುದು -4ರಲ್ಲಿ ಎಂದು ತಿಳಿಸಬೇಕು. ಚಿಕ್ಕ ಸಂಖ್ಯೆಯ ರಿಜಿಸ್ಟರ್ ಕೆಳಗಿನ ವಿಳಾಸಕ್ಕೆ ಹೋಗುತ್ತದೆ. ಇವನ್ನು ಅದಲುಬದಲು ಮಾಡಿದರೆ ಬ್ಯಾಕ್‌ಟ್ರೇಸ್ ಯಾವುದೋ ಸಂಬಂಧವಿಲ್ಲದ ವಿಳಾಸ ತೋರಿಸುತ್ತದೆ.

ಅಸೆಂಬ್ಲಿ ಬಿಟ್ಟು ಸಿ ಫಂಕ್ಷನ್‌ಗಳ ಟೈಪ್ ಕೂಡ ಕಾಣೆಯಾದರೆ ಡ್ವಾರ್ಫ್ ಆವೃತ್ತಿಯ ಮೇಲೆ ಸಂಶಯಪಡಿ. ಜಿಸಿಸಿ 11ರಿಂದ ಡ್ವಾರ್ಫ್ 5 ಸಹಜ ಆಯ್ಕೆ. ಹಳೆಯ ಐಡಿಇ ಜೊತೆ ಬಂದ ಜಿಡಿಬಿ ಅದನ್ನು ಓದಲಾರದೆ, ಆವೃತ್ತಿ 5 ಇದೆ, 2, 3 ಅಥವಾ 4 ಇರಬೇಕಿತ್ತು ಎಂದು ಹೇಳಿ ಕೈಬಿಡುತ್ತದೆ. ಸಿ ಮತ್ತು ಅಸೆಂಬ್ಲಿ ಎರಡಕ್ಕೂ -ಜಿಡ್ವಾರ್ಫ್-4 ಕೊಟ್ಟರೆ ಮುಗಿಯಿತು. ಬೋರ್ಡ್‌ಗೆ ಹೋಗುವ ಹೆಕ್ಸ್ ಫೈಲಿನಲ್ಲಿ ಈ ಯಾವ ಮಾಹಿತಿಯೂ ಇರುವುದಿಲ್ಲ, ಹಾಗಾಗಿ ಪ್ರತಿ ಹೆಕ್ಸ್ ಜೊತೆ ಅದೇ ಬಿಲ್ಡ್‌ನ ಎಲ್ಫ್ ಎತ್ತಿಡಿ. ಫೌಂಡ್ರಿಯಿಂದ "ಬೋರ್ಡ್ ಮತ್ತ ನಿಂತೈತ್ರಿ" ಎಂದು ಫೋನ್ ಬಂದಾಗ ಜಿಡಿಬಿಗೆ ಕೊಡಬೇಕಾದದ್ದು ಆ ಎಲ್ಫ್ ಫೈಲ್.