ವಾರಕ್ಕೆ ಎರಡು ಗಂಟೆ ಮರದ ಬಳಿ

ತುಮಕೂರಿನ ಆಸ್ಪತ್ರೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ನರ್ಸ್ ಆಗಿದ್ದೇನೆ. ದಿನವೂ ಬೇರೆಯವರ ಬಿಪಿ ನೋಡುವ ನನಗೇ ಮೂರು ವರ್ಷದ ಹಿಂದೆ 150/96 ತೋರಿಸಿತು. ಮಾತ್ರೆ ಶುರುವಾಯಿತು. ಅದರೊಂದಿಗೆ ಹಸಿರಿನಲ್ಲಿ ಕೂರುವುದನ್ನೂ ಶುರುಮಾಡಿದೆ. ಮಾತ್ರೆಗೆ ಬದಲಾಗಿ ಅಲ್ಲ, ಜೊತೆಗೆ. ದಯವಿಟ್ಟು ನೀವೂ ಮಾತ್ರೆ ಬಿಡಬೇಡಿ.

ಎಷ್ಟು ಹೊತ್ತು ಬೇಕು? ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಆಧರಿಸಿ 2019ರಲ್ಲಿ ಒಂದು ಅಧ್ಯಯನ ಬಂತು. ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಪ್ರಕೃತಿಯ ನಡುವೆ ಕಳೆದವರಲ್ಲಿ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದವರು ಹೆಚ್ಚು. ಒಂದೇ ದಿನ ಕಳೆದರೂ, ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸವಿರಲಿಲ್ಲ. ಪಾಳಿಯ ಕೆಲಸದ ನನಗೆ ಈ ಮಾತೇ ದೊಡ್ಡ ಧೈರ್ಯ ಕೊಟ್ಟಿತು.

ಮೊದಲು ಮನೆಗೆ ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಿ. ದೂರದ ಬೆಟ್ಟವನ್ನು ನಂಬಿಕೊಂಡರೆ ಹೋಗುವುದು ವರ್ಷಕ್ಕೊಮ್ಮೆ. ನನ್ನದು ಬೀದಿಯ ಕೊನೆಯ ಹೊಂಗೆ. ಮೊಬೈಲ್ ಮನೆಯಲ್ಲಿಟ್ಟು ಇಪ್ಪತ್ತು ನಿಮಿಷ ಅದರ ಕಟ್ಟೆಯ ಮೇಲೆ ಕೂರುತ್ತೇನೆ. ಯುಗಾದಿ ಹೊತ್ತಿಗೆ ಹೊಸ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಆಮೇಲೆ ಹೂವು: ನೆಲದ ತುಂಬ ಕಡಲೆಪುರಿ ಚೆಲ್ಲಿದ ಹಾಗೆ. ತಲೆ ಎತ್ತುವ ಮೊದಲೇ ಜೇನುಹುಳುಗಳ ಝೇಂಕಾರ ಕಿವಿಗೆ ಬೀಳುತ್ತದೆ. ಏನೂ ಮಾಡಬೇಕಾಗಿಲ್ಲ. ಒಂದು ಕೊಂಬೆ ನೋಡಿ, ಒಂದು ಶಬ್ದ ಕೇಳಿ. ಐದಾರು ನಿಮಿಷ ಮನಸ್ಸು ಚಡಪಡಿಸುತ್ತದೆ. ಎದ್ದು ಬಿಡಬೇಡಿ, ಉಸಿರು ತಾನಾಗಿ ನಿಧಾನವಾಗುತ್ತದೆ.

ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಹೊರಗಿನ ಬೆಳಕಿನಲ್ಲಿ ದಿನವೂ ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಾಧ್ಯತೆ ಕಡಿಮೆ.

ರಜೆಯ ದಿನ ದೇವರಾಯನದುರ್ಗದ ಬುಡದ ನಾಮದ ಚಿಲುಮೆಗೆ ಹೋಗಬಹುದು. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಹಿರಿಯರು ಹೇಳುವ ಜಾಗ. ಬಂಡೆಯೊಳಗಿನ ಆ ನೀರಿನ ಎದುರು ಸುಮ್ಮನೆ ನಿಲ್ಲಿ. ಚಿರತೆ, ಕರಡಿ ಇರುವ ಕಾಡು. ಬೆಳಕು ಹರಿದ ಮೇಲೆ ಹೋಗಿ, ಕತ್ತಲಾಗುವ ಮೊದಲು ಹೊರಡಿ. ಕೋತಿಗಳಿಗೆ ತಿಂಡಿ ಹಾಕಬೇಡಿ.

ಹೊರಗೆ ಹೋಗಲಾಗದವರು ಮನೆಯಲ್ಲಿದ್ದರೆ ಅವರ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ಹೋಲಿಸಿ ಪ್ರಕಟಿಸಿದರು. ಕಿಟಕಿಯಿಂದ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ನೋವು ಕಡಿಮೆ ಮಾಡುವ ಬಲವಾದ ಔಷಧಿಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ಅದನ್ನು ಓದಿದಾಗಿನಿಂದ ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟ ಕೂಡಲೇ ಪರದೆ ಸರಿಸುತ್ತೇನೆ. ಸೊಂಟ ಮುರಿದುಕೊಂಡು ಗುಬ್ಬಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಂಚ ತಿರುಗಿಸಿದ ಮರುದಿನ ನನ್ನನ್ನು ಕೂಗಿ ಕರೆದರು: "ಸಿಸ್ಟರಮ್ಮ, ಆ ಬೇವಿನ ಪೊಟರೆಗೆ ಗೊರವಂಕ ಹುಲ್ಲು ಹೊರುತ್ತಿದೆ, ಬಂದು ನೋಡಿ."