ಹಳೆ ಆಯಿಲ್ ಫಿಲ್ಟರ್ ಕೊಯ್ಯಲು ಎಂಥ ಕಟರ್ ಸಾಕು?

ಎಂಜಿನ್ ಬಿಚ್ಚದೆಯೇ ಅದರೊಳಗೆ ಏನು ಸವೆಯುತ್ತಿದೆ ಎಂದು ನೋಡಬೇಕಿದ್ದರೆ, ಆಯಿಲ್ ಬದಲಿಸಿದಾಗ ತೆಗೆದೆಸೆಯುವ ಫಿಲ್ಟರನ್ನೇ ಕೊಯ್ದು ನೋಡಬೇಕು. ಆಯಿಲ್ಲಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆಯುವ ಸ್ಪೆಕ್ಟ್ರೋಮೀಟರ್ ಪರೀಕ್ಷೆಗೆ ಸುಮಾರು 5ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಮೀರಿದ ಲೋಹದ ಕಣಗಳು ಸರಿಯಾಗಿ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಚೂರುಗಳು ಫಿಲ್ಟರ್‌ನ ಕಾಗದದ ಮಡಿಕೆಗಳಲ್ಲಿ ಕೂತಿರುತ್ತವೆ. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್‌ಗಳಲ್ಲಿ ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರ್ ಕೊಯ್ದು ನೋಡುವುದು ಹಳೆಯ ರೂಢಿ. ಕಾರು, ಟ್ರ್ಯಾಕ್ಟರ್, ಜನರೇಟರ್‌ಗಳಲ್ಲೂ ಮಾಡಬಹುದು.

ಉಪಕರಣಕ್ಕೆ ದುಡ್ಡು ಹಾಕುವ ಮೊದಲು ನಿಮ್ಮ ಗಾಡಿಯ ಫಿಲ್ಟರ್ ಯಾವ ಬಗೆಯದು ನೋಡಿ. ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಮುಚ್ಚಳ ತೆಗೆದು ಬರೀ ಕಾಗದದ ಸುರುಳಿ ಬದಲಿಸುವ ಕಾರ್ಟ್ರಿಡ್ಜ್ ಬಗೆಯಾದರೆ ಕಟರ್ ಬೇಕಿಲ್ಲ, ಒಂದು ಹರಿತವಾದ ಚಾಕು ಸಾಕು. ಇಲ್ಲಿ ಹೇಳುವುದೆಲ್ಲ ತಿರುಗಿಸಿ ಕೂರಿಸುವ ತಗಡಿನ ಡಬ್ಬಿ ಫಿಲ್ಟರ್‌ಗೆ.

ಹ್ಯಾಕ್‌ಸಾ ಏಕೆ ಬೇಡ

ಮನೆಯಲ್ಲಿರುವ ಹ್ಯಾಕ್‌ಸಾದಲ್ಲಿ ಕೊಯ್ದರೂ ಡಬ್ಬಿ ತೆರೆಯುತ್ತದೆ. ಆದರೆ ಅದರ ಪ್ರತಿ ಹಲ್ಲೂ ಕಬ್ಬಿಣದ ಪುಡಿ ಉದುರಿಸುತ್ತದೆ. ಆ ಪುಡಿ ನೇರ ಕಾಗದದ ಮೇಲೆ ಬೀಳುತ್ತದೆ. ಆಮೇಲೆ ಅಯಸ್ಕಾಂತಕ್ಕೆ ಅಂಟಿದ್ದು ಎಂಜಿನ್ನಿನದೋ ಗರಗಸದ್ದೋ ಹೇಳುವವರು ಯಾರು? ಗ್ರೈಂಡರ್ ಇನ್ನೂ ಕೆಟ್ಟದ್ದು: ಪುಡಿಯ ಜೊತೆ ಕಿಡಿಯೂ ಹಾರುತ್ತದೆ, ಒಳಗೆ ಎಣ್ಣೆ ಇದೆ. ತಗಡು ಕತ್ತರಿಸುವ ಕತ್ತರಿಯಿಂದ ಪುಡಿ ಕಡಿಮೆ, ಆದರೆ ಸೂಜಿಯಂಥ ಎಳೆಗಳು ಏಳುತ್ತವೆ, ಕೈ ಕೊಯ್ದುಕೊಳ್ಳುವುದೂ ಖಚಿತ. ಹಾಗಾಗಿ ತಗಡನ್ನು ತುರಿಯದೆ ಒತ್ತಿ ಸೀಳುವ, ಉರುಳುವ ಚಕ್ರದ ಕಟರ್ ಬೇಕು. ಬೆಲೆ ಎಷ್ಟೇ ಕಡಿಮೆ ಇರಲಿ, ಈ ಒಂದು ವಿಷಯದಲ್ಲಿ ರಾಜಿ ಬೇಡ.

ಮೂರು ಬಗೆ

ಫಿಲ್ಟರ್‌ಗೆಂದೇ ಮಾಡಿದ ಕಟರ್ ನೋಡಲು ದೊಡ್ಡ ಪೈಪ್ ಕಟರ್‌ನಂತೆಯೇ ಇರುತ್ತದೆ. ಒಂದು ಕಡೆ ಗಟ್ಟಿ ಉಕ್ಕಿನ ಚಕ್ರ, ಎದುರು ಕಡೆ ಎರಡು ರೋಲರ್, ಹಿಂದೆ ಬಿಗಿಯುವ ತಿರುಪು. ನಿಯಮಿತವಾಗಿ ಕೊಯ್ಯುವವರು ಇದನ್ನೇ ಕೊಳ್ಳುವುದು ಒಳ್ಳೆಯದು.

ಪೈಪ್ ಕೆಲಸದ ಕಟರ್‌ನಲ್ಲೂ ಕೆಲಸ ಆಗುತ್ತದೆ, ಬಾಯಿ ಅಗಲವಿದ್ದರೆ. ಎಡವಟ್ಟಾಗುವುದು ಇಲ್ಲಿಯೇ. ಸಾಮಾನ್ಯ ಪೈಪ್ ಕಟರ್‌ಗಳ ಬಾಯಿ 30-50 ಮಿ.ಮೀ.ಗೆ ಮುಗಿಯುತ್ತದೆ, ಕಾರಿನ ಫಿಲ್ಟರ್‌ಗಳು ಹೆಚ್ಚಾಗಿ 65ರಿಂದ 100 ಮಿ.ಮೀ. ದಪ್ಪ ಇರುತ್ತವೆ. ಪ್ಲಾಸ್ಟಿಕ್ ಪೈಪಿಗೆಂದು ಇರುವ ತೆಳು ಚಕ್ರ ತಗಡಿನ ಮೇಲೆ ಬೇಗ ಮೊಂಡಾಗುತ್ತದೆ, ಇಲ್ಲವೇ ಅಂಚು ಚಕ್ಕೆ ಎದ್ದು ಆ ಚಕ್ಕೆಯೇ ಒಳಗೆ ಬೀಳುತ್ತದೆ. ಉಕ್ಕಿನ ಪೈಪಿಗೆ ಹೇಳಿದ ಚಕ್ರ ಸಿಗುತ್ತದೆಯೇ ಕೇಳಿ.

ಸೈಲೆನ್ಸರ್ ಪೈಪ್ ಕೊಯ್ಯುವ ಚೈನ್ ಕಟರ್ ಅಗ್ಗ, ಯಾವ ಅಳತೆಗೂ ಸುತ್ತಿಕೊಳ್ಳುತ್ತದೆ. ಆದರೆ ಅದರ ಹಿಡಿತ ದಪ್ಪ ಪೈಪಿಗೆ ಲೆಕ್ಕ ಹಾಕಿದ್ದು. ಫಿಲ್ಟರ್‌ನ ತೆಳು ತಗಡು ಸೀಳುವ ಮೊದಲೇ ಅದುಮಿ ಹೋಗಬಹುದು. ಒಂದೆರಡು ಸಲಕ್ಕಾದರೆ ಸರಿ.

ಕೊಳ್ಳುವಾಗ ಫಿಲ್ಟರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಇಲ್ಲವೇ ದಾರ ಸುತ್ತಿ ಬಂದ ಅಳತೆಯನ್ನು 3.14ರಿಂದ ಭಾಗಿಸಿ. ಕಟರ್‌ನ ಕನಿಷ್ಠ ಅಳತೆಯನ್ನೂ ನೋಡಿ. ದೊಡ್ಡದು ಹಿಡಿಯುತ್ತದೆ ಎಂದು ಚಿಕ್ಕದು ಹಿಡಿಯಬೇಕೆಂದಿಲ್ಲ. ಆಮೇಲೆ ಚಕ್ರವನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಪಿನ್ನಿನ ಮೇಲೆ ಅದು ಲೊಡಲೊಡ ಎಂದರೆ ಆ ಕಟರ್ ಬಿಟ್ಟುಬಿಡಿ. ಅಂಥದ್ದು ಒಂದು ಸುತ್ತು ಬಂದು ಶುರುವಾದ ಗೆರೆಗೇ ಸೇರುವುದಿಲ್ಲ, ತಿರುಪಿನ ಎಳೆಯಂತೆ ಮೇಲೆ ಮೇಲೆ ಏರುತ್ತದೆ. ಚಕ್ರ ಬಿಡಿಯಾಗಿ ಸಿಗುವಂತಿರಬೇಕು. ಹಿಡಿಯ ಬಣ್ಣ, ಹೊಳಪು, ಪೆಟ್ಟಿಗೆ ಇವುಗಳಿಂದ ಏನೂ ಆಗಬೇಕಾದ್ದಿಲ್ಲ.

ಕೊಯ್ಯುವ ಕ್ರಮ

ಫಿಲ್ಟರನ್ನು ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ಸೋರಲು ಬಿಡಿ. ಒಳಗಿನ ರಬ್ಬರ್ ವಾಲ್ವ್ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವುದರಿಂದ ಪೂರ್ತಿ ಖಾಲಿಯಾಗುವುದಿಲ್ಲ. ಕೆಳಗೆ ತಟ್ಟೆ ಇಟ್ಟೇ ಕೊಯ್ಯಿರಿ. ಹೊರಮೈಯ ಮಣ್ಣು, ಮರಳು ಚೆನ್ನಾಗಿ ಒರೆಸಿ.

ಹಿಡಿಯುವುದು ಹೇಗೆ ಎಂಬುದೇ ಅರ್ಧ ಕೆಲಸ. ಡಬ್ಬಿಯನ್ನು, ಮೇಜಿಗೆ ಕೂರಿಸಿ ವಸ್ತು ಬಿಗಿದು ಹಿಡಿಯುವ ವೈಸ್‌ಗೆ ಕೊಟ್ಟು ಬಿಗಿದರೆ ಅದು ಮೊಟ್ಟೆಯಾಕಾರ ತಾಳುತ್ತದೆ, ಕಟರ್ ಒಂದು ಕಡೆ ಕೊಯ್ದು ಇನ್ನೊಂದು ಕಡೆ ಜಾರುತ್ತದೆ. ಬದಲಿಗೆ ಫಿಲ್ಟರ್‌ನ ನಡುವಿನ ತೂತಿಗೆ ಹೊಂದುವ ಬೋಲ್ಟ್ ತನ್ನಿ. ಬಹಳಷ್ಟು ಫಿಲ್ಟರ್‌ಗಳಲ್ಲಿ ಅದು ಇಂಚಿಗೆ 16 ಎಳೆಯ ಮುಕ್ಕಾಲು ಇಂಚು ಅಥವಾ 20 ಮಿ.ಮೀ.ನ ಎಂ20, 1.5 ಪಿಚ್ (ಎಳೆಯಿಂದ ಎಳೆಗೆ 1.5 ಮಿ.ಮೀ.), ಎರಡೂ ಹತ್ತಿರ ಹತ್ತಿರ ಇರುವುದರಿಂದ ಬಲವಂತವಾಗಿ ತಿರುಗಿಸಬೇಡಿ. ಬೋಲ್ಟಿನ ತಲೆಯನ್ನು ವೈಸ್‌ಗೆ ಕೊಟ್ಟು ಅದರ ಮೇಲೆ ಫಿಲ್ಟರ್ ಕೂರಿಸಿದರೆ ಡಬ್ಬಿಗೆ ಒತ್ತಡವೇ ಇಲ್ಲ.

ಬುಡದ ದಪ್ಪ ತಟ್ಟೆಗೆ ತಗಡನ್ನು ಮಡಚಿ ಸೇರಿಸಿದ ಅಂಚು ಕಾಣುತ್ತದಲ್ಲ, ಅಲ್ಲಿ ಕೊಯ್ಯಬೇಡಿ. ಅಲ್ಲಿ ತಗಡು ಹಲವು ಪದರ. ಅದರಿಂದ 6-10 ಮಿ.ಮೀ. ದೂರದ ನುಣುಪು ಗೋಡೆಯ ಮೇಲೆ ಚಕ್ರ ಇಡಿ. ಚಕ್ರ ಸುಮ್ಮನೆ ತಾಗುವಷ್ಟೇ ಬಿಗಿದು ಒಂದು ಪೂರ್ತಿ ಸುತ್ತು ತಿರುಗಿಸಿ. ಗೆರೆಯ ಎರಡು ತುದಿ ಕೂಡಿದರೆ ಮುಂದುವರಿಯಿರಿ. ಕೂಡದಿದ್ದರೆ ಆಗಲೇ ಸಡಿಲಿಸಿ ನೆಟ್ಟಗೆ ಮಾಡಿ, ಗೆರೆ ಆಳವಾದ ಮೇಲೆ ತಿದ್ದಲು ಬರುವುದಿಲ್ಲ. ಬಳಿಕ ಪ್ರತಿ ಸುತ್ತಿಗೆ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ಬಿಗಿಯಬೇಡಿ. ಅವಸರಪಟ್ಟು ಬಿಗಿದರೆ ತಗಡು ಒಳಕ್ಕೆ ಕುಸಿದು ಕಾಗದವನ್ನೇ ಹಿಂಡುತ್ತದೆ. ಕೆಲವು ಸುತ್ತಿನಲ್ಲಿ ಪ್ರತಿರೋಧ ಏಕ್‌ದಂ ಕಡಿಮೆಯಾಗಿ, ಕೊಯ್ದ ಗೆರೆಯಲ್ಲಿ ಎಣ್ಣೆ ಜಿನುಗುತ್ತದೆ. ಸೀಳಿದ ಅಂಚು ಬ್ಲೇಡಿನಷ್ಟೇ ಹರಿತ. ದಪ್ಪ ಗ್ಲೌಸ್ ಹಾಕಿಕೊಂಡೇ ಬಿಡಿಸಿ.

ಒಳಗೆ ಏನಿದೆ

ಕಾಗದವನ್ನು ಎರಡು ತುದಿಯ ಮುಚ್ಚಳಗಳ ಪಕ್ಕದಲ್ಲಿ ಚಾಕುವಿನಿಂದ ಬಿಡಿಸಿ, ಜೋಡಿಸಿದ ಗೆರೆಯಲ್ಲಿ ಒಂದು ಸಲ ಸೀಳಿ, ಬೀಸಣಿಗೆಯಂತೆ ಹರಡಿ. ನೇರ ನೋಡಿದರೆ ಎಣ್ಣೆಯ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ಶುಭ್ರ ಬಿಳಿ ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿ ಜಾಲಾಡಿ, ತಳಕ್ಕೆ ಇಳಿದದ್ದನ್ನು ನೋಡಿ. ಈ ಕೆಲಸ ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಇರಲಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಡಿಸಿದರೆ ಉಕ್ಕಿನ ಚೂರು ಮೇಲೇಳುತ್ತದೆ; ಚೀಲ ಕಳಚಿದರೆ ಸಾಕು, ಉದುರುತ್ತದೆ.

ಅಯಸ್ಕಾಂತಕ್ಕೆ ಅಂಟದೆ ಉಳಿದ ಬೆಳ್ಳಿಬಣ್ಣದ್ದು ಅಲ್ಯೂಮಿನಿಯಂ ಆಗಿರಬಹುದು, ಪಿಸ್ಟನ್ ಅಥವಾ ಬೇರಿಂಗಿನ ಕಡೆ ಅನುಮಾನ. ಕೆಂಪು-ಹಳದಿ ಚೂರು ತಾಮ್ರ, ಕಂಚಿನದು: ಬುಶ್ (ತಿರುಗುವ ದಂಡ ಕೂರುವ ಲೋಹದ ಬಳೆ) ಇಲ್ಲವೇ ಬೇರಿಂಗಿನ ಒಳಪದರ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕಪ್ಪು ತುಣುಕು ಇಂಗಾಲ, ಎಳೆದರೆ ಹಿಗ್ಗುವುದು ಸೀಲಂಟ್, ಅಂದರೆ ಜೋಡಣೆಗಳಿಗೆ ಹಚ್ಚಿದ ಅಂಟು. ಡಬ್ಬಿಯ ಬಣ್ಣವೇ ಇರುವ ತೆಳು ಚಕ್ಕೆ ಹೊರಗಿನ ಪೇಂಟ್, ಕಟರ್ ಉದುರಿಸಿದ್ದು, ಹೆದರಬೇಡಿ. ಹೊಸದಾಗಿ ಕಟ್ಟಿದ ಎಂಜಿನ್ನಿನ ಮೊದಲ ಫಿಲ್ಟರ್‌ನಲ್ಲಿ ನವಿರಾದ ಪುಡಿ ಇದ್ದೇ ಇರುತ್ತದೆ. ಉಗುರಿಗೆ ಸಿಗುವಂಥ ಚಪ್ಪಟೆ ಚೂರು ಕಂಡರೆ ಮಾತ್ರ ಗಾಡಿ ಓಡಿಸುವುದು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ತೋರಿಸಲು ಆ ಚೂರು ಬೇಕು, ಚಿಕ್ಕ ಡಬ್ಬಿಯಲ್ಲಿ ಹಾಕಿ ದಿನಾಂಕ, ಕಿಲೋಮೀಟರ್ ಬರೆದಿಡಿ. ಹಿಂದಿನ ಸಲದ ಕಾಗದದ ಫೋಟೊ ಜೊತೆಗಿದ್ದರೆ ಅವರಿಗೆ ಹೇಳುವುದು ಇನ್ನೂ ಸುಲಭ.